ಒಂದೇ ಗೆರೆ, ಎರಡು ಥಂಡಿ

ಡಿಸೆಂಬರ್ ಮೊದಲ ವಾರ. ರಾತ್ರಿ ಊಟ ಮುಗಿಸಿ ಪಡಸಾಲೆಯಲ್ಲಿ ಕೌದಿ ಹೊದ್ದು ಕುಳಿತಿದ್ದೆ. ದೇವಗಡದಿಂದ ಮೊಮ್ಮಗಳ ಫೋನು ಬಂತು. ಅಳಿಯನಿಗೆ ಅಲ್ಲಿಗೆ ವರ್ಗವಾಗಿ ಆರು ತಿಂಗಳಾಗಿದೆ. ದೇವಗಡ ಎಂದರೆ ಹಾಪೂಸ್ ಮಾವಿನ ದೇವಗಡ; ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಕಡಲೂರು.

“ಅಜ್ಜಾ, ಏನ್ ಮಾಡಾಕತ್ತಿ?”

“ಥಂಡಿ ಬಾಳ ಐತಿ ಅವ್ವಿ. ಕೌದಿ ಹೊತ್ಕೊಂಡು ಕುಂತೀನಿ.”

“ಸುಳ್ಳ ಹೇಳಬ್ಯಾಡ. ನಾವು ಇಲ್ಲಿ ಫ್ಯಾನ್ ಹಚ್ಕೊಂಡು ಕುಂತೇವಿ!” ಎಂದವಳೇ ಫೋನನ್ನು ಮೇಲೆತ್ತಿ ಫ್ಯಾನಿನ ಸದ್ದನ್ನೂ ಕೇಳಿಸಿದಳು.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅವಳು ಏಳನೇ ಇಯತ್ತೆಯ ಹುಡುಗಿ, ಕೈಗೆ ಹೊಸದಾಗಿ ಅಟ್ಲಾಸ್ ಬಂದಿದೆ. ಮರುದಿನ ಸಂಜೆ ಮತ್ತೆ ಫೋನು. “ಅಜ್ಜಾ, ಮುಧೋಳ 16.33 ಡಿಗ್ರಿ, ದೇವಗಡ 16.38 ಡಿಗ್ರಿ. ಬೀಳಗಿ 16.35. ಎಲ್ಲಾ ಒಂದೇ ಗೆರೀ ಮ್ಯಾಲ ಅದಾವ. ಜಮಖಂಡಿ, ರಬಕವಿ-ಬನಹಟ್ಟಿ ಸ್ವಲ್ಪ ಮ್ಯಾಲ, ಹದಿನಾರೂವರೆ. ಹಂಗಾದ್ರ ನಿಮಗ ಅಷ್ಟ್ಯಾಕ ಥಂಡಿ?”

ನಾನು ಮುಧೋಳ ತಾಲ್ಲೂಕಿನ ಹಳ್ಳಿಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ಎಂಬುದು ಈ ಪುಟ ಓದುವ ನಿಮಗೆ ಗೊತ್ತೇ ಇದೆ. ‘ಸಮಭಾಜಕದಿಂದ ದೂರ ಹೋದಂತೆ ಚಳಿ ಹೆಚ್ಚು’ ಎಂದು ಎಷ್ಟು ವರ್ಷ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಆ ಲೆಕ್ಕದಲ್ಲಿ ದೇವಗಡ ನಮಗಿಂತ ಐದಾರು ಕಿಲೋಮೀಟರು ಉತ್ತರಕ್ಕಿದೆ. ಕೌದಿ ಅವಳ ಮೈಮೇಲಿರಬೇಕಿತ್ತು.

ತಪ್ಪು ಸೂರ್ಯನದೋ ಅಲ್ಲವೋ ಮೊದಲು ನೋಡಿಬಿಡೋಣ ಎಂದೆ. ಡಿಸೆಂಬರ್ 22ರಂದು ಇಬ್ಬರೂ ಒಂದೊಂದು ಮೀಟರ್ ಉದ್ದದ ಕೋಲು ನೆಟ್ಟು ಮಧ್ಯಾಹ್ನದ ನೆರಳು ಅಳೆಯುವುದು ಎಂದು ಕರಾರಾಯಿತು. ನಮ್ಮ ಅಂಗಳದಲ್ಲಿ ಹನ್ನೆರಡೂವರೆಗೆ ಎರಡು ಮೂರು ನಿಮಿಷ ಇದ್ದಾಗ ನೆರಳು ಅತಿ ಗಿಡ್ಡವಾಯಿತು: 83 ಸೆಂಟಿಮೀಟರ್. ದೇವಗಡ ನಮಗೆ ಪಶ್ಚಿಮದಲ್ಲಿರುವುದರಿಂದ ಅಲ್ಲಿ ಏಳೆಂಟು ನಿಮಿಷ ತಡವಾಗಿ ಸೂರ್ಯ ನೆತ್ತಿಯ ಹತ್ತಿರ ಬರುತ್ತಾನೆ. ಅವಳ ಫೋನು ಬಂತು: “ಎಂಬತ್ಮೂರು, ಅಜ್ಜಾ!”

ಅಂದರೆ ಎರಡೂ ಊರಿನ ಮೇಲೆ ಸೂರ್ಯ ಅಷ್ಟೇ ಓರೆಯಾಗಿದ್ದಾನೆ, ಸುಮಾರು ಐವತ್ತು ಡಿಗ್ರಿ ಎತ್ತರದಲ್ಲಿ. ಆ ದಿನದ ಹಗಲೂ ಎರಡೂ ಕಡೆ ಹನ್ನೊಂದು ಗಂಟೆಗಿಂತ ಒಂಚೂರು ಹೆಚ್ಚು, ಅಷ್ಟೇ. ಸೂರ್ಯ ಎರಡು ಮನೆಗೂ ಅಳೆದು ಸಮನಾಗಿ ಬಡಿಸಿದ್ದಾನೆ. ಬಡಿಸಿದ್ದನ್ನು ಯಾವ ಮನೆ ಉಳಿಸಿಕೊಳ್ಳುತ್ತದೆ, ಯಾವ ಮನೆ ಕಳೆದುಕೊಳ್ಳುತ್ತದೆ ಎಂಬಲ್ಲಿ ವ್ಯತ್ಯಾಸ.

ಬರೀ ಸೂರ್ಯನ ಓರೆಯನ್ನೇ ನಂಬಿದವರು ನಾನೊಬ್ಬನೇ ಅಲ್ಲ. ಇಂಗ್ಲಿಷಿನಲ್ಲಿ ಹವಾಗುಣಕ್ಕೆ ‘ಕ್ಲೈಮೇಟ್’ ಎನ್ನುತ್ತಾರಲ್ಲ, ಅದು ಗ್ರೀಕರ ‘ಕ್ಲಿಮಾ’ ಎಂಬ ಮಾತಿನಿಂದ ಬಂದದ್ದು. ಅದರ ಅರ್ಥ ಓರೆ, ಇಳಿಜಾರು. ಭೂಮಿಯನ್ನು ಅಡ್ಡ ಪಟ್ಟಿಗಳಾಗಿ ಕೊಯ್ದು, ಒಂದು ಪಟ್ಟಿಗೆ ಒಂದು ಹವೆ ಎಂದು ಅವರು ಲೆಕ್ಕ ಹಾಕಿದ್ದರು. ಆ ಪಟ್ಟಿಗಳನ್ನು ಸರಿಯಾಗಿ ಕದಲಿಸಿದವನು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಊರೂರಿನ ಉಷ್ಣತೆಯ ಲೆಕ್ಕ ಕೂಡಿಸಿ, ಒಂದೇ ಸರಾಸರಿ ಉಷ್ಣತೆಯ ಜಾಗಗಳನ್ನು ಸೇರಿಸಿ ಅವನು 1817ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದ. ಆ ಗೆರೆಗಳು ಅಕ್ಷಾಂಶದ ಜೊತೆ ನೆಟ್ಟಗೆ ಹೋಗಲಿಲ್ಲ. ಯುರೋಪಿನ ಪಶ್ಚಿಮ ದಂಡೆಯಲ್ಲಿ ಮೇಲೆದ್ದು, ಅಮೆರಿಕದ ಪೂರ್ವಕ್ಕೆ ಕೆಳಗೆ ಬಾಗಿದವು. ನಿಮ್ಮ ಪಾಠದಲ್ಲಿ ಬರುವ ‘ಸಮೋಷ್ಣ ರೇಖೆ’ ಅದೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಲಂಡನ್ನಿನಲ್ಲಿದ್ದಾನೆ, ಒಬ್ಬಳು ಕೆನಡಾದ ಕ್ಯಾಲ್ಗರಿಯಲ್ಲಿ. ಎರಡೂ ಊರು 51ನೇ ಡಿಗ್ರಿಯ ಆಸುಪಾಸು. ಲಂಡನ್ನಿನವನು ಜನವರಿಯಲ್ಲಿ ಕೊಡೆ ಹಿಡಿದ ಫೋಟೋ ಕಳಿಸುತ್ತಾನೆ. ಕ್ಯಾಲ್ಗರಿಯವಳು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ರಾತ್ರಿ ಕಾರು ಚಾಲೂ ಆಗಲಿಲ್ಲ ಎಂದು ಬರೆಯುತ್ತಾಳೆ. ಲಂಡನ್ನಿಗೆ ಗಾಳಿ ಬರುವುದು ಅಟ್ಲಾಂಟಿಕ್ ಕಡಲಿನ ಬೆಚ್ಚನೆಯ ನೀರನ್ನು ಸವರಿಕೊಂಡು. ಕ್ಯಾಲ್ಗರಿಗೂ ಪಶ್ಚಿಮದ ಕಡಲಿಗೂ ನಡುವೆ ರಾಕಿ ಪರ್ವತ ಅಡ್ಡ ನಿಂತಿದೆ. ಉತ್ತರದ ಹಿಮದ ಕಡೆಗೆ ಮಾತ್ರ ಬಾಗಿಲು ತೆರೆದಿದೆ.

ನಮ್ಮ ಗೆರೆಗೆ ಬರೋಣ. ಕ್ರಿಸ್‌ಮಸ್ ರಜೆಗೆ ಮಗಳು ಮೊಮ್ಮಗಳು ಬಸ್ಸಿನಲ್ಲಿ ಹೊರಟರು. ಮೊಮ್ಮಗಳ ಕೈಯಲ್ಲಿ ಥರ್ಮಾಮೀಟರು. ಜ್ವರ ನೋಡುವುದಲ್ಲ, ಗೋಡೆಗೆ ತೂಗುಹಾಕುವುದು. ಕಡಲ ಮಟ್ಟದಿಂದ ಫೋಂಡಾ ಘಾಟ ಹತ್ತಿ ರಾಧಾನಗರಿಗೆ ಬರುವಷ್ಟರಲ್ಲಿ ಸಂಜೆಯಾಗಿ, ಬಸ್ಸಿನ ಕಿಟಕಿ ಮುಚ್ಚಿ ಸ್ವೆಟರ್ ಹಾಕಿಕೊಂಡಳಂತೆ. ಮುಂದೆ ನಿಪ್ಪಾಣಿ, ಚಿಕ್ಕೋಡಿ ದಾಟಿ ನಮ್ಮೂರಿಗೆ ಬಂದರೂ ಸ್ವೆಟರ್ ತೆಗೆಯಲಿಲ್ಲ. ಘಾಟ ಹತ್ತಿದವರು ಕಡಲ ಮಟ್ಟಕ್ಕೆ ಮತ್ತೆ ಇಳಿಯುವುದಿಲ್ಲವಲ್ಲ. ಮುಧೋಳ, ಜಮಖಂಡಿ ಎಲ್ಲ ಕಡಲಿಗಿಂತ ಐದು ನೂರು ಮೀಟರಿಗೂ ಮೇಲಿವೆ. ಸಾವಿರ ಮೀಟರು ಏರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ. ನಮ್ಮ ಎತ್ತರಕ್ಕೆ ಮೂರು, ಮೂರೂವರೆ ಡಿಗ್ರಿ.

ಇಷ್ಟು ಹೇಳಿ ಗೆದ್ದೆ ಎಂದುಕೊಂಡಿದ್ದೆ. ಅವಳು ಬಿಡಲಿಲ್ಲ. “ಹಂಗಿದ್ರ ಹಗಲ ಹೊತ್ತಿನ್ಯಾಗೂ ಇಲ್ಲಿ ತಂಪ ಇರಬೇಕಿತ್ತಲ್ಲ? ಮಧ್ಯಾಹ್ನ ಇಲ್ಲೂ ಮೂವತ್ತು ತೋರಸ್ತತಿ, ಅಲ್ಲೂ ಮೂವತ್ತು.”

ಪ್ರಶ್ನೆ ಸರಿಯಾಗಿತ್ತು. ಚಳಿಗಾಲದ ಮಧ್ಯಾಹ್ನ ನಮ್ಮೂರಿನವರೂ ನೆರಳು ಹುಡುಕುತ್ತೇವೆ. ಬೇರೆಯಾಗುವುದು ರಾತ್ರಿ. ಅವಳು ಹೊರಡುವ ದಿನ ಬೆಳಿಗ್ಗೆ ದೇವಗಡದಲ್ಲಿ 20 ಡಿಗ್ರಿ ಬರೆದುಕೊಂಡಿದ್ದಳು. ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ 13. ನಮ್ಮ ಕಡೆ ಕೆಲವು ರಾತ್ರಿ ಹತ್ತರ ಕೆಳಗೂ ಇಳಿಯುವುದುಂಟು.

ಎರಡು ಸ್ಟೀಲ್ ಡಬರಿ ತಂದು ಒಂದರಲ್ಲಿ ನೀರು, ಒಂದರಲ್ಲಿ ಒಣ ಎರೆಮಣ್ಣು ತುಂಬಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆವು. ಮಧ್ಯಾಹ್ನ ಮಣ್ಣು ಮುಟ್ಟಿದರೆ ಚುರ್ ಎನ್ನುತ್ತಿತ್ತು, ನೀರು ಉಗುರುಬೆಚ್ಚಗೆ. ರಾತ್ರಿ ಒಂಬತ್ತಕ್ಕೆ ಹತ್ತಿ ನೋಡಿದರೆ ಮಣ್ಣು ತಣ್ಣಗೆ ಕೊರೆಯುತ್ತಿತ್ತು, ನೀರಿನಲ್ಲಿ ಇನ್ನೂ ಹಗಲಿನ ಬಿಸಿ ಉಳಿದಿತ್ತು. ಒಂದು ಕಿಲೋ ಒಣ ಮಣ್ಣನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖದ ನಾಲ್ಕೈದು ಪಟ್ಟು ಶಾಖ ಒಂದು ಕಿಲೋ ನೀರಿಗೆ ಬೇಕು. ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಕಡಲಿನಲ್ಲಿ ಬಿಸಿಲು ಆಳಕ್ಕೂ ಇಳಿಯುತ್ತದೆ, ಅಲೆ ಅದನ್ನು ಕಲಸುತ್ತದೆ. ಹಾಗಾಗಿ ಜನವರಿಯಲ್ಲೂ ಕೊಂಕಣದ ಕಡಲ ನೀರು 27, 28 ಡಿಗ್ರಿ ಇರುತ್ತದೆ. ದೇವಗಡ ಅಂಥ ಹಂಡೆಯ ಪಕ್ಕ ಮಲಗಿದ ಊರು. ನಮ್ಮದು ಎರೆಮಣ್ಣಿನ ಡಬರಿ.

ಇನ್ನೊಂದು ಕಾರಣ ತಲೆಯ ಮೇಲಿದೆ. ನೆಲ ರಾತ್ರಿಯಿಡೀ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಆಕಾಶಕ್ಕೆ ಕಳಿಸುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಮೋಡವಿದ್ದರೆ ಅದರಲ್ಲಿ ಒಂದು ಪಾಲು ತಿರುಗಿ ನೆಲಕ್ಕೆ ಬರುತ್ತದೆ. ದೇವಗಡದ ಗಾಳಿಯಲ್ಲಿ ಕಡಲಿನ ತೇವವಿದೆ. ಊರಿಗೇ ಒಂದು ಕೌದಿ ಹೊದಿಸಿದ ಹಾಗೆ. ನಮ್ಮಲ್ಲಿ ಡಿಸೆಂಬರಿನ ಆಕಾಶ ತೊಳೆದಿಟ್ಟ ಹಾಗೆ, ಗಾಳಿ ಒಣ. ಹೊದಿಕೆಯೇ ಇಲ್ಲ.

ಗಾಳಿ ಒಣಗಿದ್ದು ನಮಗೆ ತುಟಿ ಒಡೆದಾಗ ತಿಳಿಯುತ್ತದೆ, ರಬಕವಿ-ಬನಹಟ್ಟಿಯ ನೇಕಾರರಿಗೆ ಎಳೆ ಹರಿದಾಗ. ಹತ್ತಿಯ ನೂಲಿಗೆ ಸ್ವಲ್ಪ ತೇವ ಇದ್ದರೇ ಗಟ್ಟಿ. ಹಿಂದಿನವರು ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡುತ್ತಿದ್ದರು. ಆ ಕುಣಿಯ ತಂಪು ಹಾಸಿನ ಎಳೆಗಳನ್ನು ಕಾಯುತ್ತಿತ್ತು. ನನ್ನ ಬೀಗರೊಬ್ಬರು ಈಗಲೂ ಥಂಡಿಯ ದಿನಗಳಲ್ಲಿ ಮಗ್ಗದ ಕೋಣೆಯ ನೆಲಕ್ಕೆ ನೀರು ಚಿಮುಕಿಸಿಯೇ ಕೆಲಸಕ್ಕೆ ಕೂಡುತ್ತಾರೆ.

ಹೊದಿಕೆಯ ಮಾತು ನಂಬಿಕೆಯಾಗದಿದ್ದರೆ ಬೆಳಿಗ್ಗೆ ಬೇಗ ಎದ್ದು ಬೇವಿನ ಮರದ ಹತ್ತಿರ ಹೋಗಿ. ಬಯಲಿನ ಹುಲ್ಲು ಇಬ್ಬನಿಯಲ್ಲಿ ತೊಯ್ದಿರುತ್ತದೆ, ಮರದ ಕೆಳಗಿನ ಹುಲ್ಲು ಒಣಗಿರುತ್ತದೆ. ಬಯಲಿನ ಹುಲ್ಲಿನ ಬಿಸಿ ನೇರ ಆಕಾಶಕ್ಕೆ ಹೋಗಿ ಅದು ತಣ್ಣಗಾಯಿತು, ಗಾಳಿಯ ತೇವ ಅದರ ಮೇಲೆ ಕೂತಿತು. ಮರದ ಕೆಳಗಿನದಕ್ಕೆ ಎಲೆಗಳ ಚಪ್ಪರವೇ ಕೌದಿ. ನನ್ನ ಅಜ್ಜಿ ಕಡಲೆ ಹೊಲದಲ್ಲಿ ರಾತ್ರಿ ಬಿಳಿ ಬಟ್ಟೆ ಹಾಸಿ ಬರುತ್ತಿದ್ದಳು. ಕಡಲೆ ಗಿಡದ ಎಲೆಗಳು ಹುಳಿ ರಸ ಬಿಡುತ್ತವೆ. ಅದು ಇಬ್ಬನಿಯ ಜೊತೆ ಬಟ್ಟೆಗೆ ಇಳಿಯುತ್ತದೆ. ಬೆಳಿಗ್ಗೆ ಹಿಂಡಿ ಶೀಶೆಯಲ್ಲಿಟ್ಟರೆ ಹೊಟ್ಟೆ ನೋವಿಗೆ ಮನೆಮದ್ದು. ಮೊಮ್ಮಗಳಿಗೆ ಒಂದು ಹನಿ ನಾಲಗೆಗೆ ಹಚ್ಚಿದೆ. ಮುಖ ಕಿವುಚಿ, “ಇನ್ನೊಂದು ಹನಿ ಕೊಡು” ಎಂದಳು.

ಅವಳಿದ್ದ ವಾರದಲ್ಲೇ ಒಂದು ರಾತ್ರಿ ಮೋಡ ಕವಿಯಿತು. ಬೆಳಿಗ್ಗೆ 18 ಡಿಗ್ರಿ. ನಾವು ಕೌದಿ ಸರಿಸಿ ಹಾಯಾಗಿ ಮಲಗಿದ್ದೆವು, ಪಕ್ಕದ ಹೊಲದವರ ಮುಖ ಮಾತ್ರ ಸಪ್ಪಗಿತ್ತು. ಮೋಡ ನಿಂತರೆ ಕಡಲೆಗೆ ಕೀಡೆ ಬೀಳುತ್ತದೆಂಬ ಹೆದರಿಕೆ. ಹಿಂಗಾರಿನ ಗೋಧಿ, ಕಡಲೆಗೆ ಥಂಡಿ ಬೇಕು. ನಮಗೆ ಬೇಡವಾದದ್ದೇ ನಮ್ಮ ರೊಟ್ಟಿ ಪಲ್ಯದ ಬೆಳೆಗೆ ಒಳ್ಳೆಯದು. ದೇವಗಡದವರೂ ಥಂಡಿಗೆ ಕಾಯುತ್ತಾರೆ ಎಂದು ಆಗ ಮಗಳು ಹೇಳಿದಳು. ಅಲ್ಲಿ ರಾತ್ರಿ ಒಂದಷ್ಟು ದಿನ ತಂಪಾದರೇನೇ ಹಾಪೂಸ್ ಗಿಡ ಚೆನ್ನಾಗಿ ಹೂ ಬಿಡುವುದು. ನಮಗೆ ಏನೂ ಅಲ್ಲದ ಥಂಡಿ ಅವರ ವರ್ಷದ ಗಳಿಕೆ.

ಅಟ್ಲಾಸಿನ ಗೆರೆಯ ಮೇಲೆ ಬೆರಳಿಟ್ಟು ಅವಳು ಪೂರ್ವಕ್ಕೆ ಹೊರಟಳು. ಹದಿನಾರೂವರೆಯಲ್ಲಿ ವಿಜಯವಾಡ, ಅದಕ್ಕೂ ಆಚೆ ಬಂಗಾಳ ಕೊಲ್ಲಿಯ ದಂಡೆಯಲ್ಲಿ ಮಚಲಿಪಟ್ಟಣ. ನಾವು ಹಿಂಗಾರಿ ಜೋಳದ ಹೊಲ ಕಾಯುವ ನವೆಂಬರಿನಲ್ಲಿ ಅವರು ಚಂಡಮಾರುತದ ಸುದ್ದಿ ಕಾಯುತ್ತಾರೆ. 1977ರ ನವೆಂಬರ್ 19ರಂದು ಅಲ್ಲೇ ಹತ್ತಿರದ ದಿವಿಸೀಮೆಯಲ್ಲಿ ಕಡಲು ಊರೊಳಗೆ ನುಗ್ಗಿ ಸಾವಿರಾರು ಜನ ಸತ್ತರು. ಇನ್ನೂ ಮುಂದೆ ವಿಯೆಟ್ನಾಮಿನ ಹುಯೇ, 16.46 ಡಿಗ್ರಿ. ಕಡಲ ಮೇಲಿಂದ ಬರುವ ಈಶಾನ್ಯದ ಗಾಳಿ ಅಲ್ಲಿ ಬೆಟ್ಟಕ್ಕೆ ಬಡಿದು ಅಕ್ಟೋಬರ್, ನವೆಂಬರಿನಲ್ಲಿ ಮಳೆ ಸುರಿಸುತ್ತದೆ, ಜನವರಿಯಲ್ಲೂ ಜಿಟಿಜಿಟಿ ನಿಲ್ಲದು. ಪಶ್ಚಿಮಕ್ಕೆ ಕಡಲು ದಾಟಿದರೆ ಆಫ್ರಿಕಾದ ಟಿಂಬಕ್ಟು, ಮರುಭೂಮಿಯ ಅಂಚು. ಜನವರಿಯ ಮಧ್ಯಾಹ್ನ ಮೂವತ್ತು, ರಾತ್ರಿ ಹದಿಮೂರರ ಸುಮಾರು. “ಅಜ್ಜಾ, ಟಿಂಬಕ್ಟು ನಮ್ಮ ಮುಧೋಳಕ್ಕ ಬೀಗರಾಗಬೇಕು ನೋಡು” ಎಂದಳು. ದೇವಗಡ ಇನ್ನೂರು ಕಿಲೋಮೀಟರು, ಟಿಂಬಕ್ಟು ಸಾವಿರಾರು ಕಿಲೋಮೀಟರು. ಆದರೂ ಚಳಿಯಲ್ಲಿ ನಮಗೆ ಹತ್ತಿರದ್ದು ಟಿಂಬಕ್ಟು.

ಈಗ ನನ್ನ ಒಂದು ತಪ್ಪು ಹೇಳಬೇಕು. ಸುಮಾರು ಮೂವತ್ತು ವರ್ಷದ ಹಿಂದೆ ಕಬ್ಬು ಕಡಿಯುವ ಗ್ಯಾಂಗಿನ ಹುಡುಗನೊಬ್ಬ ನಮ್ಮ ಶಾಲೆಗೆ ನಾಲ್ಕು ತಿಂಗಳು ಬಂದಿದ್ದ. ‘ಚಳಿ ಎಲ್ಲಿ ಹೆಚ್ಚು? ಕಾರಣ ಕೊಡಿ’ ಎಂಬ ಪ್ರಶ್ನೆಗೆ ಅವನು ಬರೆದದ್ದು: ‘ಹೊಳಿ ದಂಡಿಗೆ ಜೋಪಡಿಯಲ್ಲಿ ಹೆಚ್ಚು. ಊರಲ್ಲಿ ಕಡಿಮೆ.’ ಒಂದೇ ಊರಲ್ಲಿ ಎರಡು ಚಳಿ ಇರುತ್ತದೆಯೇ ಎಂದು ತರಗತಿಯ ಎದುರೇ ಓದಿ ನಕ್ಕು, ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದ್ದೆ. ಹುಡುಗರೂ ನಕ್ಕಿದ್ದರು. ಗಾಣ ನಿಂತು, ಗ್ಯಾಂಗು ಹೊರಟಾಗ ಅವನೂ ಹೋದ. ಮತ್ತೆ ನೋಡಲಿಲ್ಲ.

ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ. “ಅಳದು ನೋಡೂಣು ನಡಿ” ಎಂದಳು.

ಬೆಳಗಿನ ಜಾವ ಐದೂವರೆಗೆ ಬ್ಯಾಟರಿ ಹಿಡಿದು ಹೊರಟೆವು. ನಮ್ಮ ಮನೆಯ ಅಂಗಳದಲ್ಲಿ 13. ಊರು ದಾಟಿ ಘಟಪ್ರಭೆಯ ಕಡೆಗೆ ಇಳಿಯುತ್ತಾ ಹೋದಂತೆ ಕಾಲಿಗೆ ಥಂಡಿ ತಾಗಿದ್ದು ಗೊತ್ತಾಯಿತು, ತಣ್ಣೀರಿಗೆ ಇಳಿದ ಹಾಗೆ. ತಣ್ಣನೆಯ ಗಾಳಿ ಭಾರ. ಗಾಳಿ ಬೀಸದ ರಾತ್ರಿ ಅದು ನೀರಿನಂತೆಯೇ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಹೊಳೆಯ ಹತ್ತಿರದ ತಗ್ಗಿನಲ್ಲಿ ಕಬ್ಬು ಕಡಿಯಲು ವಿಜಯಪುರ ಜಿಲ್ಲೆಯ ತಾಂಡಾದಿಂದ ಬಂದವರ ಒಂಬತ್ತು ಜೋಪಡಿಗಳು. ಥರ್ಮಾಮೀಟರು ಹತ್ತು ನಿಮಿಷ ಹಿಡಿದು ನಿಂತೆವು: 10. ನಮ್ಮ ಮಾಳಿಗೆ ಮನೆಗೆ ಒಂದು ಮೊಳ ಮಣ್ಣಿನ ಹೊದಿಕೆ. ಹಗಲಿನ ಬಿಸಿಯನ್ನು ಅದು ಬೆಳಗಿನ ತನಕ ಹಿಡಿದಿಡುತ್ತದೆ. ಇವರಿಗಿದ್ದದ್ದು ಒಂದು ತಾಡಪತ್ರಿ. ಒಳಗೆ ಕಬ್ಬಿನ ರವದಿ ಹಾಸಿ, ಅದರ ಮೇಲೆ ಮಕ್ಕಳನ್ನು ಒತ್ತೊತ್ತಾಗಿ ಮಲಗಿಸಿದ್ದರು. ಮುಕಾದಮನ ಮುಧೋಳ ನಾಯಿ, ಮೈಮೇಲೆ ಕೂದಲೇ ಇಲ್ಲದಂಥ ತೆಳು ಚರ್ಮದ್ದು, ಆ ಮಕ್ಕಳ ನಡುವೆಯೇ ಮುದುಡಿಕೊಂಡಿತ್ತು.

ಒಲೆ ಹೊತ್ತಿಸುತ್ತಿದ್ದ ಹೆಣ್ಣುಮಗಳಿಗೆ, “ತಗ್ಗಿನ್ಯಾಗ ಥಂಡಿ ಜಾಸ್ತಿ ನೋಡವಾ, ಮ್ಯಾಲ ಕಣದ ಹತ್ರ ಹಾಕಿದ್ರ ಮೂರು ಡಿಗ್ರಿ ಕಡಿಮಿ ಆಗ್ತತಿ” ಎಂದೆ. ಮೇಷ್ಟ್ರ ಚಾಳಿ.

ಆಕೆ ಊದುಗೊಳವೆ ಕೆಳಗಿಟ್ಟು, “ನಮಗೂ ಗೊತ್ತೈತ್ರಿ ಗುರುಗಳ. ನೀರ ಇಲ್ಲೇ ಐತ್ರಿ. ಮ್ಯಾಲ ಹಾಕಿದ್ರ, ಕಬ್ಬ ಕಡದ ಬಂದ ಮ್ಯಾಲ ಕೊಡ ಹೊತ್ಕೊಂಡು ಯಾರ ಏರಬೇಕ್ರಿ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅವತ್ತೇ ಹೊಲದ ಯಜಮಾನರನ್ನು ಕಂಡು ಮಾತಾಡಿದೆ. ಒಳ್ಳೆಯವರು, ತಮ್ಮ ಮೋಟರಿನಿಂದ ಇದ್ದಷ್ಟು ಪೈಪು ಎಳೆಸಿಕೊಟ್ಟರು. ಅದು ಕಣದ ಅರ್ಧ ದಾರಿಯವರೆಗೆ ಬಂತು. ಎಳೆಯ ಕೂಸುಗಳಿದ್ದ ಮೂರು ಮನೆಯವರು ಅಲ್ಲಿಗೆ ಜೋಪಡಿ ಕಿತ್ತು ತಂದರು.

ಓದುವ ಮಕ್ಕಳಿಗೆ ಒಂದು ಕೆಲಸ. ಜಮಖಂಡಿಯ ಗುಡ್ಡದ ಮೇಲಿನ ಮನೆಯವರು, ಕೆಳಗಿನ ಓಣಿಯವರು, ಬನಹಟ್ಟಿಯ ಮಗ್ಗದ ಮನೆಯವರು, ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ದಂಡೆಯವರು, ಎಲ್ಲರೂ ಬೆಳಿಗ್ಗೆ ಆರಕ್ಕೆ ಸರಿಯಾಗಿ ಅಳೆಯಿರಿ. ಥರ್ಮಾಮೀಟರನ್ನು ಗೋಡೆಗೆ ತಾಗಿಸಬೇಡಿ. ಗೋಡೆ ತನ್ನ ಬಿಸಿ ಹೇಳುತ್ತದೆ. ನೆಲದಿಂದ ನಾಲ್ಕು ಅಡಿ ಮೇಲೆ, ನೆರಳಿನಲ್ಲಿ, ಗಾಳಿಯಾಡುವಂತೆ ತೂಗುಹಾಕಿ. ಮೋಡ ಇತ್ತೋ ಇಲ್ಲವೋ ಬರೆಯಿರಿ. ಹಿನ್ನೀರಿನವರ ಲೆಕ್ಕ ನೋಡಲು ನನಗೆ ವಿಶೇಷ ಆಸೆ. ಅಷ್ಟು ದೊಡ್ಡ ನೀರಿನ ಡಬರಿ ಪಕ್ಕದಲ್ಲಿದ್ದರೆ ಬೀಳಗಿ ಒಂಚೂರಾದರೂ ದೇವಗಡದಂತೆ ಆಗುತ್ತದೋ ನೋಡೋಣ.

ಮೊನ್ನೆ ಸಂಜೆ ಮತ್ತೆ ಫೋನು.

“ಅಜ್ಜಾ, ಇವತ್ತ ಇಲ್ಲಿ ಹದಿನೇಳಕ್ಕ ಇಳದಿತ್ತು! ಮಾವಿನ ತ್ವಾಟದ ಕಾಕಾ ಬಾಳ ಖುಷಿಯಾಗ್ಯಾರ. ನಿಮ್ಮಲ್ಲಿ?”

“ಹನ್ನೊಂದು, ಅವ್ವಿ.”

“ಹೊಳಿ ದಂಡ್ಯಾಗ?”

“ಹೋಗಿಲ್ಲ. ಎಂಟರ ಹತ್ರ ಇದ್ದೀತು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಜೋಪಡಿ ಎಷ್ಟ ಉಳದಾವ ಅಲ್ಲಿ?”

“ಆರು.”

“ಪೈಪ್ ಇನ್ನ ಎಷ್ಟುದ್ದ ಬೇಕಂತ ಅಳದಿಯೇನು?”

ಅಳೆದಿರಲಿಲ್ಲ. ನಾಳೆ ಬೆಳಿಗ್ಗೆ ಟೇಪು ತೆಗೆದುಕೊಂಡು ಹೋಗುತ್ತೇನೆ ಎಂದೆ.